ಸಹಾಯ ಬೇಕು: ಚಿತ್ರ ತೋರಿಸಿ ಮಕ್ಕಳ ಮನಸ್ಸು ಮಾತಾಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ಹೋಗುತ್ತೇನೆ. ಹೇಗಿದ್ದೀಯಮ್ಮಾ ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಬೇಜಾರು ಮಿಸ್." ಮನೆ ನೆನಪಾದರೂ ಬೇಜಾರು, ಗೆಳತಿ ಮೇಲೆ ಸಿಟ್ಟು ಬಂದರೂ ಬೇಜಾರು, ಪರೀಕ್ಷೆಯ ಭಯವೂ ಬೇಜಾರೇ.

ಅದಕ್ಕೇ ಪ್ರಸಿದ್ಧ ಚಿತ್ರಗಳ ಕಲರ್ ಪ್ರಿಂಟ್ ತೆಗೆಸಿಕೊಂಡು ಹೋದೆ. ಮೊದಲು ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ 'ದಿ ಸ್ಕ್ರೀಮ್'. ಅದರಲ್ಲಿರುವ ಆಕೃತಿಯೇ ಕಿರುಚುತ್ತಿದೆ ಅಂತ ನಾನೂ ಅಂದುಕೊಂಡಿದ್ದೆ. ಮುಂಕ್ ಬರೆದಿಟ್ಟಿರುವುದು ಬೇರೆ: ಸಂಜೆಯ ಆಕಾಶ ರಕ್ತಗೆಂಪಾದಾಗ ಇಡೀ ಪ್ರಕೃತಿಯೇ ಚೀರಿದ ಹಾಗೆ ಅವರಿಗೆ ಅನ್ನಿಸಿತ್ತಂತೆ. ಇದನ್ನು ಹೇಳಿದ್ದೇ ತಡ, ಒಬ್ಬಳು "ನಂಗೂ ರಾತ್ರಿ ಹಂಗೇ ದಿಗಿಲಾಗುತ್ತೆ" ಅಂದಳು. ದಿಗಿಲು! ತಿಂಗಳುಗಟ್ಟಲೆ ಕಾದ ಮೇಲೆ ಬೇಜಾರನ್ನು ಬಿಟ್ಟು ಬಂದ ಮೊದಲ ಪದ.

ಮುಂದಿನ ವಾರ ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ 'ತ್ರೀ ಗರ್ಲ್ಸ್' ಒಯ್ದೆ. ಮೂವರು ಹುಡುಗಿಯರು ಒತ್ತಾಗಿ ಕೂತಿದ್ದಾರೆ, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಇವರ ಮನಸ್ಸಲ್ಲಿ ಏನಿರಬಹುದು ಅಂತಷ್ಟೇ ಕೇಳಿದ್ದು. ಉತ್ತರ ಹೇಳುತ್ತಾ ಹೇಳುತ್ತಾ ಒಬ್ಬಳು ಅತ್ತುಬಿಟ್ಟಳು. ಅವಳು ಹೇಳಿದ್ದು ಅವಳದು, ಇಲ್ಲಿ ಬರೆಯುವುದಿಲ್ಲ.

ಆರ್ಟ್ ಥೆರಪಿ ಕಲಿತವರು ದಯವಿಟ್ಟು ತಿಳಿಸಿ. ಮಗು ಚಿತ್ರದ ಹುಡುಗಿಯ ನೆಪದಲ್ಲಿ ತನ್ನ ನೋವು ಹೇಳುವಾಗ ಮಾತನ್ನು ಚಿತ್ರದೊಳಗೇ ಇರಿಸಬೇಕೋ, "ನಿನಗೂ ಹಾಗಾಗಿದೆಯಾ?" ಅಂತ ಕೇಳಬಹುದೋ? ನಾನು ಆ ದಿನ ಕೇಳಲಿಲ್ಲ, ಪಕ್ಕದಲ್ಲಿ ಕೂತೆ ಅಷ್ಟೆ. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ಯಾವ ಚಿತ್ರ ಈ ವಯಸ್ಸಿನವರಿಗೆ ಹೊಂದೀತು?

ಇನ್ನೊಂದು ಕೋರಿಕೆ ಎಲ್ಲರಿಗೂ. ಸಂಕಟ, ಕಸಿವಿಸಿ, ತಳಮಳದಂಥ ಪದಗಳು ನಿಮ್ಮೂರಿನಲ್ಲಿ ಇನ್ನೇನಿವೆ, ಬರೆಯಿರಿ. ಶನಿವಾರದೊಳಗೆ ಸಿಕ್ಕರೆ ಚೀಟಿಗಳಲ್ಲಿ ಬರೆದು ಚಿತ್ರಗಳ ಪಕ್ಕ ಇಡುತ್ತೇನೆ.