ಗಡ್ಡೆ ಯಾವುದು, ಗೆಣಸು ಯಾವುದು?

ತೀರ್ಥಹಳ್ಳಿ, ಹೊಸನಗರ ಕಡೆಯ ಹಿತ್ತಲುಗಳಲ್ಲಿ ಮಣ್ಣಿನೊಳಗೆ ಬೆಳೆಯುವ ತರಕಾರಿಗಳಿಗೆ ಹೆಸರಲ್ಲೇ ಎರಡು ಪಂಗಡ. ಸುವರ್ಣಗಡ್ಡೆ, ಕೆಸವಿನ ಗಡ್ಡೆ, ಮುಂಡಿಗಡ್ಡೆ, ಕೂವೆಗಡ್ಡೆ ಒಂದು ಕಡೆ. ಹೆಗ್ಗೆಣಸು, ಮುಳ್ಳುಗೆಣಸು, ಮರಗೆಣಸು, ಸಿಹಿಗೆಣಸು ಇನ್ನೊಂದು ಕಡೆ. ಯಾರೂ ಸುವರ್ಣಗೆಣಸು ಅನ್ನುವುದಿಲ್ಲ. ಈ ಗೆರೆ ಎಳೆದದ್ದು ಯಾವ ಲೆಕ್ಕದಲ್ಲಿ?

ಉದ್ದಕ್ಕಿದ್ದರೆ ಗೆಣಸು, ಉಂಡೆಯಾಗಿದ್ದರೆ ಗಡ್ಡೆ ಅಂತ ಕೆಲವರು ಹೇಳುತ್ತಾರೆ. ಆದರೆ ಕೂವೆಗಡ್ಡೆ ಉದ್ದವೇ ಇರುತ್ತದೆ, ಮುಳ್ಳುಗೆಣಸು ಎಷ್ಟೋ ಸಲ ಮೊಟ್ಟೆಯಷ್ಟು ಗಿಡ್ಡ. ಬಳ್ಳಿಯಾದರೆ ಗೆಣಸು ಅನ್ನೋಣ ಅಂದರೆ ಮರಗೆಣಸು ಅಡ್ಡ ಬರುತ್ತದೆ. ಬೇರು, ಕಾಂಡ ಅನ್ನುವ ಸಸ್ಯಶಾಸ್ತ್ರದ ಲೆಕ್ಕವೂ ಪೂರ್ತಿ ಕೂಡುವುದಿಲ್ಲ. ಸಿಹಿಗೆಣಸು, ಮರಗೆಣಸು ಉಬ್ಬಿದ ಬೇರುಗಳು, ಸರಿ. ಕೆಸು, ಸುವರ್ಣಗಡ್ಡೆ ಉಬ್ಬಿದ ಕಾಂಡ, ಅದೂ ಸರಿ. ಆದರೆ ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ? ಅದು ಉಬ್ಬಿದ ಬೇರೇ. ಆದರೂ ಮಲೆನಾಡಿನ ಹೆಂಗಸರು ಮಳೆಗಾಲದ ಮೊದಲು ಅಕ್ಕಪಕ್ಕದ ಮನೆಯವರ ಜೊತೆ ಬದಲಾಯಿಸಿಕೊಳ್ಳುವುದು ಡೇರೆ ಗಡ್ಡೆಯನ್ನೇ.

ಈ ಡೇರೆಯೇ ನನಗೆ ಒಳ್ಳೆಯ ಸುಳಿವು ಅನಿಸುತ್ತದೆ. ಗಡ್ಡೆ ಅನ್ನುವುದು ಆಕಾರದ ಮಾತು, ಅಲ್ವಾ? ಈರುಳ್ಳಿಗೂ ಗಡ್ಡೆ. ಹೊಟ್ಟೆಯಲ್ಲಿ ಗಂಟು ಬೆಳೆದರೆ ಡಾಕ್ಟರು ಹೇಳುವುದೂ ಗಡ್ಡೆ ಅಂತಲೇ. ಗೆಣಸು ಹಾಗಲ್ಲ, ಅದು ಊಟದ ಮಾತು. ಬೇಯಿಸಿಯೋ ಕೆಂಡದಲ್ಲಿ ಸುಟ್ಟೋ ಸಿಪ್ಪೆ ಸುಲಿದು ಹಾಗೇ ತಿನ್ನುವಂಥದ್ದು ಗೆಣಸು. ಸುವರ್ಣಗಡ್ಡೆಯನ್ನೋ ಕೆಸುವನ್ನೋ ಹಾಗೆ ತಿನ್ನಲು ಹೋದರೆ ಗಂಟಲು ಕೆರೆದು ಬುದ್ಧಿ ಬರುತ್ತದೆ. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅದಕ್ಕೇ ಹುಣಸೆಹಣ್ಣೋ ವಾಟೆಹುಳಿಯೋ ಹಾಕಿ ಚೆನ್ನಾಗಿ ಬೇಯಿಸುವುದು. ಕೂವೆಯನ್ನು ಅರೆದು, ನೀರಲ್ಲಿ ತಿಳಿಯಾಗಲು ಬಿಟ್ಟು ಹಿಟ್ಟು ತೆಗೆಯುತ್ತೇವೆ. ಅದೂ ಹಾಗೇ ತಿನ್ನುವ ವಸ್ತುವಲ್ಲ. ಗೆರೆ ಎಳೆದದ್ದು ಅಡುಗೆಮನೆ ಅಂತ ನನ್ನ ವಾದ.

ಆಲೂಗಡ್ಡೆ ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೆ ಅದು ಹೊರಗಿನಿಂದ ಬಂದದ್ದು. ಸಿಹಿಗೆಣಸು, ಮರಗೆಣಸು ಕೂಡ ಅಮೆರಿಕ ಖಂಡದವೇ, ಯುರೋಪಿನವರ ಹಡಗು ಇಲ್ಲಿಗೆ ಬಂದ ಮೇಲೆ ಬಂದವು. ತಮಾಷೆ ಏನೆಂದರೆ, ಈಗ ಶಿವಮೊಗ್ಗದ ಅಂಗಡಿಯಲ್ಲಿ ಸುಮ್ನೆ 'ಗೆಣಸು' ಅಂದರೆ ಕೊಡುವುದು ಸಿಹಿಗೆಣಸನ್ನೇ. ಹಳಬ ಹೆಗ್ಗೆಣಸು ಮಾತ್ರ ಪೂರ್ತಿ ಹೆಸರು ಹೇಳಿಕೊಂಡು ಓಡಾಡಬೇಕು.

ತಮಿಳರಿಗೆ ಈ ತಾಪತ್ರಯ ಇಲ್ಲ. ಆಲೂಗಡ್ಡೆ ಉರುಳೈಕ್ಕಿಳಂಗು, ಸುವರ್ಣಗಡ್ಡೆ ಸೇನೈಕ್ಕಿಳಂಗು, ಮರಗೆಣಸು ಮರವಳ್ಳಿಕ್ಕಿಳಂಗು. ಎಲ್ಲವೂ ಕಿಳಂಗೇ. ತುಳುವಿನಲ್ಲಿ ಅದೇ ಕೆರೆಂಗ್. ನಮ್ಮ ಗೆಣಸು ಇದೇ ಬಳಗದ್ದು. ನಾವು ಮಾತ್ರ ಅದರ ಅರ್ಧ ಆಸ್ತಿಯನ್ನು ಗಡ್ಡೆಗೆ ಬರೆದುಕೊಟ್ಟಿದ್ದೇವೆ. 'ಗಡ್ಡೆಗೆಣಸು' ಅನ್ನುವ ಜೋಡುಮಾತು ನೋಡಿ. 'ಹಣ್ಣುಹಂಪಲು' ಅಂದಾಗ ಹಂಪಲು ಒಂಟಿಯಾಗಿ ನಿಲ್ಲುವುದಿಲ್ಲ. ಇಲ್ಲಿ ಎರಡೂ ನಿಲ್ಲುತ್ತವೆ.

ಈಗ ನನ್ನ ನಿಜವಾದ ತೊಡಕು. ಹಿತ್ತಲ ಬೇಲಿಗೆ ಹಬ್ಬುವ ಒಂದು ಗೆಣಸಿನ ಬಳ್ಳಿ ಇದೆ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗುತ್ತದೆ. ಕೆಳಗಿನದು ಮಣ್ಣಲ್ಲೇ ಮಲಗಿದ್ದು ಮುಂಗಾರಿಗೆ ಮತ್ತೆ ಚಿಗುರುತ್ತದೆ, ಕಾಡುಹಂದಿ ಬಿಟ್ಟರೆ. ಆದರೆ ನಾವು ತಿನ್ನುವುದು ಕೆಳಗಿನದನ್ನಲ್ಲ, ಎಲೆಯ ಬುಡದಲ್ಲಿ ತೂಗುವ ಉಂಡೆಗಳನ್ನು. ಅವು ಹೂವಿನಿಂದ ಆದ ಕಾಯಲ್ಲ, ನೆಟ್ಟರೆ ಹುಟ್ಟುತ್ತವೆ. ಕೆಲವರು 'ಬಳ್ಳಿ ಆಲೂಗಡ್ಡೆ' ಅಂತಾರೆ. ಅದು ಇತ್ತೀಚಿನ ಹೆಸರು, ಆಲೂಗಡ್ಡೆ ಬಂದ ಮೇಲೆ ಕಟ್ಟಿದ್ದು. ಮಣ್ಣನ್ನೇ ಮುಟ್ಟದ ಆ ಉಂಡೆಗೆ ನಿಮ್ಮ ಮನೆಯ ಹಿರಿಯರು ಏನಂತಾರೆ: ಕಾಯಿ, ಗಡ್ಡೆ, ಗೆಣಸು, ಅಥವಾ ಬೇರೆಯೇ ಒಂದು ಹೆಸರಿದೆಯಾ? ಊರು ಯಾವುದು ಅಂತಲೂ ಬರೆಯಿರಿ. ಸಾಗರದ ಮಾತು ಕೊಪ್ಪದಲ್ಲಿ ನಡೆಯಬೇಕೆಂದೇನಿಲ್ಲ.