‘ಐ ಹ್ಯಾವ್ ಎ ಡೌಟ್’ ಅಂತ ಬರೆದರೆ ತಪ್ಪಾ? ಅನುಭವ ಇದ್ದವರು ಹೇಳಿ

ಶಿರಸಿಯ ಅಮ್ಮ:
ಮಗಳು ಹತ್ತನೇ ತರಗತಿವರೆಗೆ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಲ್ಲಿ ಕೆಲಸ. ಇಂಗ್ಲೆಂಡಿನ ಗ್ರಾಹಕರೊಬ್ಬರಿಗೆ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂತ ಮೇಲ್ ಮಾಡಿದ್ದಾಳೆ. ಏನೋ ಕೇಳುವುದಿತ್ತು, ಅಷ್ಟೇ. ನನ್ನ ಕೆಲಸದ ಮೇಲೇ ನಂಬಿಕೆ ಇಲ್ಲವಾ ಅಂತ ಅವರು ಬೇಜಾರು ಮಾಡಿಕೊಂಡರಂತೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು ಅಂತ ಮ್ಯಾನೇಜರ್ ಹೇಳಿದ್ದಾರೆ. ಸೇರಿಸಬೇಕಾ? ಯಾರಿಗಾದರೂ ಹೀಗಾಗಿದೆಯಾ?

ಮೆಣಸಿನ ವ್ಯಾಪಾರಿ, ಶಿರಸಿ:
ಈ ಒಂದು ಶಬ್ದಕ್ಕೆ ನಮ್ಮ ದುಡ್ಡೇ ಹೋಗಿದೆ ಅಕ್ಕಾ. ಕಾಳುಮೆಣಸು, ಹೊರದೇಶದ ಪಾರ್ಟಿ, ಮಾಲು ಕೊಚ್ಚಿ ಬಂದರಿಗೆ ಹೋಗಬೇಕಿತ್ತು. ಗೋದಾಮಿನ ಹಂಚು ಸರಿದು ಕೆಲವು ಚೀಲಕ್ಕೆ ನೀರು ಇಳಿದಿದೆ ಅಂತ ಗುಮಾನಿ. ಗುಮಾಸ್ತ ‘ವಿ ಡೌಟ್ ಸಮ್ ಬ್ಯಾಗ್ಸ್ ಆರ್ ವೆಟ್’ ಅಂತ ಬರೆದ. ಅವರು ಓದಿಕೊಂಡಿದ್ದು ‘ಒದ್ದೆಯಾಗಿರಲಿಕ್ಕಿಲ್ಲ’ ಅಂತ. ತಡ ಮಾಡಬೇಡಿ, ಕಳಿಸಿ ಅಂದರು. ಸ್ವಲ್ಪ ಒದ್ದೆಯಾದರೂ ಅಡ್ಡಿಲ್ಲ ಅಂತಿದ್ದಾರೆ ಎಂದುಕೊಂಡು ನಾವು ಕಳಿಸಿದೆವು. ಅಲ್ಲಿ ಬಿಚ್ಚಿದರೆ ಚೀಲದ ಹೊಲಿಗೆಯ ಹತ್ತಿರವೆಲ್ಲ ಬಿಳಿ ಬೂಸಲು.

ಹೋಗಿ ಬರುವ ಲಾರಿ ಬಾಡಿಗೆ 62,000 ನಮ್ಮ ತಲೆಗೆ. ಹಮಾಲಿ 4,200. ತಾಡಪತ್ರಿ ಹಾಸಿ ಮತ್ತೆ ಒಣಗಿಸಿದ ಕೂಲಿ 9,500. ಹೊಸ ಚೀಲ ಬೇರೆ. ಕೊನೆಗೆ ಸಿಕ್ಕ ದರ ಕೇಳಲೇಬೇಡಿ.

‘ಅವನು ಬರೋದು ಡೌಟು’ ಅಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದಿದ್ದು ಅಂತ ಡೌಟು’ ಅಂದರೆ ಕದ್ದಿರಬಹುದು. ನಮಗೆ ಎರಡಕ್ಕೂ ಒಂದೇ ಶಬ್ದ ಸಾಕು. ಅವರಿಗೆ ಎರಡನೇದಕ್ಕೆ ‘ಸಸ್ಪೆಕ್ಟ್’ ಬೇಕು. ಈಗ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗನನ್ನೇ ಇಟ್ಟುಕೊಂಡಿದ್ದೇನೆ.

ನಿವೃತ್ತ ಮಾಸ್ತರ, ಕುಮಟಾ:
ಹಂಚು ಸರಿದಿದ್ದಕ್ಕೂ ಕನ್ನಡ ಮಾಧ್ಯಮಕ್ಕೂ ಏನು ಸಂಬಂಧ? ನಾವು ಐದನೇ ಇಯತ್ತೆಯಲ್ಲಿ ಎಬಿಸಿಡಿ ಕಲಿತವರು. ಜೀವನವಿಡೀ ಇಂಗ್ಲಿಷ್ ಕಲಿಸಿದ್ದೇನೆ. ಮಕ್ಕಳು ‘ಸರ್, ಡೌಟು’ ಅಂತ ಕೈ ಎತ್ತಿದರೆ ನಾನು ಒಮ್ಮೆಯೂ ತಿದ್ದಿಲ್ಲ. ತಿದ್ದಿದರೆ ಆ ಕೈ ಮತ್ತೆ ಏಳುವುದಿಲ್ಲ. ಭಾರತದ ಇಂಗ್ಲಿಷ್‌ನಲ್ಲಿ ಡೌಟ್ ಅಂದರೆ ಪ್ರಶ್ನೆ ಅಂತಲೂ ಅರ್ಥ ಇದೆ, ದೇಶವಿಡೀ ನಡೆಯುತ್ತದೆ. ಇನ್ನೊಂದು ಕೇಳಿ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಐ ಡೌಟ್ ಇಟ್ ವಿಲ್ ರೇನ್’ ಅಂದರೆ ಮಳೆ ಬರುತ್ತೇನೋ ಅಂತ. ಥೇಟ್ ನಮ್ಮ ಹಾಗೆಯೇ. ಅವರನ್ನು ಯಾರೂ ಕ್ಲಾಸಿಗೆ ಕಳಿಸುವುದಿಲ್ಲ.

ಕಾರವಾರದ ನರ್ಸ್:
ಮಾಸ್ತರೇ, ಸ್ಕಾಟ್ಲೆಂಡಿನ ಕಥೆ ನನ್ನ ವಾರ್ಡಿನಲ್ಲಿ ನಡೆಯುವುದಿಲ್ಲ. ನಾನೀಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿದ್ದೇನೆ. ರೋಗಿಗೆ ಜ್ವರ ಏರಿ, ಬಿಪಿ ಇಳಿದು, ಮಾತು ತಡವರಿಸುತ್ತಿದ್ದರೆ ಡಾಕ್ಟರಿಗೆ ‘ಐ ಸಸ್ಪೆಕ್ಟ್ ಸೆಪ್ಸಿಸ್’ (ಸೋಂಕಿನಿಂದ ಜೀವಕ್ಕೇ ಅಪಾಯವಾಗುವ ಸ್ಥಿತಿ) ಅನ್ನಬೇಕು. ‘ಐ ಡೌಟ್ ಸೆಪ್ಸಿಸ್’ ಅಂದರೆ ಸೆಪ್ಸಿಸ್ ಇರಲಿಕ್ಕಿಲ್ಲ ಅಂತಾಗುತ್ತದೆ. ಔಷಧಿ ತಡವಾದರೆ ಜೀವ ಹೋಗುತ್ತದೆ.

ಇಲ್ಲಿಗೆ ಬರಲು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದೆ. ಆಗ ಶುಲ್ಕವೇ 17,000. ಗೋವಾದ ಮಡಗಾಂವಿನಲ್ಲಿ ಕ್ಲಾಸು, ಅದಕ್ಕೆ 14,000. ಬೆಳಗಿನ ರೈಲು ತಪ್ಪಿದರೆ ಬಸ್ಸು, ಬಸ್ಸು ಇಳಿದರೆ ರಿಕ್ಷಾ, ಎಲ್ಲ ಕೈಯಿಂದಲೇ. ಅಲ್ಲಿನ ಸರ್ ಡೌಟನ್ನು ‘ಡೌಬ್ಟ್’ ಅಂತಲೇ ಓದುತ್ತಿದ್ದರು. ಮೊದಲ ಸಲ ಸ್ಪೀಕಿಂಗ್‌ನಲ್ಲಿ ಅರ್ಧ ಬ್ಯಾಂಡ್ (ಅದರಲ್ಲಿ ಅಂಕಕ್ಕೆ ಹಾಗೇ ಅನ್ನುವುದು) ಕಮ್ಮಿ ಬಿತ್ತು. ಮತ್ತೆ 17,000. ಆಮೇಲೆ ಕ್ಲಾಸು ಬಿಟ್ಟೆ. ಮನೆಯಲ್ಲೇ ದಿನಾ ಬಿಬಿಸಿ ಕೇಳಿ ಕಲಿತು ಪಾಸಾದೆ.

ಹೊನ್ನಾವರದವ:
ಆ ಸರ್ ಪಾಪ, ಬರೆದದ್ದನ್ನು ಓದಿದರು. ಬಹಳ ಹಿಂದೆ ಇಂಗ್ಲಿಷ್ ಬರಹದಲ್ಲಿ ಆ ‘ಬಿ’ ಇರಲೇ ಇಲ್ಲ. ಶಬ್ದ ಬಂದಿದ್ದು ಫ್ರೆಂಚ್‌ನಿಂದ, ಅಲ್ಲಿ ಬಿ ಬಿದ್ದುಹೋಗಿತ್ತು. ಮೂಲ ಲ್ಯಾಟಿನ್ನಿನ ‘ಡುಬಿಟಾರೆ’ ಅಂತ ತೋರಿಸಲಿಕ್ಕೆ ಪಂಡಿತರು ಮತ್ತೆ ಸೇರಿಸಿದರು. ಬಾಯಿಗೆ ಮಾತ್ರ ಬರಲಿಲ್ಲ.

ಕಾರವಾರದ ನರ್ಸ್:
ಪಾಪ ಅನ್ನುವುದಾದರೆ ಆ 14,000 ನೀವು ಕೊಡಿ. ಲ್ಯಾಟಿನ್ ನಮಗೂ ಹೊಸದಲ್ಲ. ಆ ‘ಡುಬಿಟಾರೆ’ಯ ಬೇರು ‘ಎರಡು’ ಅನ್ನುವುದರಲ್ಲಿದೆ. ಕೊಂಕಣಿಯಲ್ಲಿ ನಾವು ‘ದುಬಾವ’ ಅಂತೇವೆ. ಅದರಲ್ಲೂ ಎರಡು ಮನಸ್ಸು ಇದೆ.

ಅಂಕೋಲಾ ಕಡೆಯವ:
ಅದು ಗೋವಾ ಕಡೆಯ ಮಾತು. ನಮ್ಮ ಮನೆಯಲ್ಲಿ ‘ಸಂಶಯ’ ಅಂತಲೇ ಅನ್ನುವುದು.

ಕಾರವಾರದ ನರ್ಸ್:
ಕಾರವಾರದ ಪಕ್ಕದ ಸದಾಶಿವಗಡದಲ್ಲಿ ನನ್ನ ಅಜ್ಜಿ ದಿನಾ ಅನ್ನುತ್ತಿದ್ದ ಮಾತು ಗೋವಾದ್ದು ಹೇಗಾಗುತ್ತದೆ? ಕಾಳಿ ಹೊಳೆ ದಾಟಿ ಬಂದು ಕೇಳಿ ನೋಡಿ.

ನಿವೃತ್ತ ಮಾಸ್ತರ, ಕುಮಟಾ:
ತಂಗಿ, ಆಸ್ಪತ್ರೆಯ ಮಾತು ಒಪ್ಪಿದೆ. ಅಲ್ಲಿ ‘ಸಸ್ಪೆಕ್ಟ್’ ಅಂತಲೇ ಅನ್ನಬೇಕು. ಆದರೆ ಈ ಹುಡುಗಿ ಕೇಳಿದ್ದು ಬರೀ ಪ್ರಶ್ನೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂತ ಬರೆದರೆ ಆಯಿತು. ಅದಕ್ಕೆ ಕ್ಲಾಸು ಯಾಕೆ? ಕನ್ನಡ ಮಾಧ್ಯಮ ಅಂದ ಕೂಡಲೇ ಎಲ್ಲರೂ ಕ್ಲಾಸು ತೋರಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಮೆಣಸಿನ ವ್ಯಾಪಾರಿ, ಶಿರಸಿ:
ಸಿಟ್ಟು ಮಾಡಿಕೊಳ್ಳಿ. ಲಾರಿ ಬಾಡಿಗೆ ಕಟ್ಟಿದವ ನಾನು. ನಿಮ್ಮ ಶಿಷ್ಯನೊಬ್ಬನನ್ನು ಕಳಿಸಿ, ನಮ್ಮ ಪತ್ರವ್ಯವಹಾರ ನೋಡಿಕೊಳ್ಳಲಿ.

ನಿವೃತ್ತ ಮಾಸ್ತರ, ಕುಮಟಾ:
ಕಳಿಸುತ್ತೇನೆ. ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಹುಡುಗಿ ಇದ್ದಾಳೆ, ಕನ್ನಡ ಮಾಧ್ಯಮದವಳೇ. ಈಗಿನ ಹುಡುಗನಿಗೆ ಕೊಡುವ ಸಂಬಳವನ್ನೇ ಅವಳಿಗೂ ಕೊಡುತ್ತೀರಾ? ಅದನ್ನು ಮೊದಲು ಬರೆಯಿರಿ.