ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ಟಕ್ ಟಕ್: ಕೋನ್ ಸೆಟ್ ಮನೆಯಲ್ಲೇ ಸರಿ ಮಾಡಬಹುದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಸ್ಪ್ಲೆಂಡರ್ ಪ್ಲಸ್. ಹಾಸನದ ಕಡೆ ಹಳ್ಳಿ ರಸ್ತೆಗಳಲ್ಲೇ ಓಡಾಟ ಜಾಸ್ತಿ. ಮುಂದಿನ ಬ್ರೇಕ್ ಹಿಡಿದಾಗ, ಹಂಪ್ ಇಳಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತಿತ್ತು. ಗ್ಯಾರೇಜಿನಲ್ಲಿ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಲೂಸ್ ಆಗಿದೆ ಅಂತ ಬಿಗಿ ಮಾಡಿ ಕೊಟ್ಟರು. ಸದ್ದು ನಿಂತಿತು. ಆದರೆ ಈಗ ನಿಧಾನವಾಗಿ ಹೋಗುವಾಗ ಗಾಡಿ ನೆಟ್ಟಗೆ ಹೋಗುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತದೆ. ಸ್ವಲ್ಪ ಸಡಿಲ ಮಾಡಿದರೆ ಸಾಕಾ? ಅದರ ಕಚ್ಚಿರುವ ಉರುಟು ನಟ್ಟು ತಿರುಗಿಸುವ ಸಿ ಸ್ಪ್ಯಾನರ್ ತಂದಿಟ್ಟಿದ್ದೇನೆ.

ಉತ್ತರ:
ಸಿ ಸ್ಪ್ಯಾನರ್ ತಂದದ್ದು ಒಳ್ಳೆಯದಾಯಿತು. ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ನಟ್ಟಿನ ಕಚ್ಚು ಹಾಳಾಗುತ್ತದೆ, ಎಷ್ಟು ಬಿಗಿಯಾಯಿತು ಅಂತ ಕೈಗೂ ಗೊತ್ತಾಗುವುದಿಲ್ಲ.

ನಟ್ಟು ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಇನ್ನೊಬ್ಬರು ಹಿಂದೆ ಕೆಳಕ್ಕೆ ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಈಗ ಒಂದೇ ಬೆರಳಿನಿಂದ ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಯವರೆಗೆ ಬಹಳ ನಿಧಾನವಾಗಿ ತಿರುಗಿಸಿ. ನೇರ ಬಂದಾಗ ಕಚ್ಚಿ ನಿಂತ ಹಾಗೆ ಆಗುತ್ತದಾ? ಹಾಗಾದರೆ ರೇಸ್‌ನಲ್ಲಿ, ಅಂದರೆ ಬೇರಿಂಗ್ ಗುಂಡುಗಳು ಓಡಾಡುವ ಬಳೆಯಲ್ಲಿ, ಗುಳಿ ಬಿದ್ದಿದೆ. ನಾವು ಓಡಿಸುವಾಗ ಹ್ಯಾಂಡಲ್ ಬಹುಪಾಲು ನೇರವಾಗಿಯೇ ಇರುತ್ತದೆ. ಗುಂಡುಗಳು ಒಂದೇ ಜಾಗದಲ್ಲಿ ಅದುರಿ ಅದುರಿ ಗ್ರೀಸನ್ನು ಪಕ್ಕಕ್ಕೆ ತಳ್ಳುತ್ತವೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಸವೆತ. ಲೂಸ್ ಇಟ್ಟುಕೊಂಡೇ ಓಡಿಸಿದರೆ ಇದು ಇನ್ನೂ ಬೇಗ ಆಗುತ್ತದೆ.

ಗುಳಿ ಇದ್ದರೆ ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಸಡಿಲ ಮಾಡಿದರೂ ಇಲ್ಲ. ಸೆಟ್ ಬದಲಾಯಿಸಲೇಬೇಕು. ಎಲ್ಲೂ ಕಚ್ಚದೆ ಉದ್ದಕ್ಕೂ ಒಂದೇ ಸಮ ಬಿಗಿಯಾಗಿ ತಿರುಗಿದರೆ ಮಾತ್ರ ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ. ಎಳೆದಾಟಕ್ಕೆ ಗುಳಿ, ಅತಿ ಬಿಗಿ ಎರಡೂ ಕಾರಣ ಆಗಬಹುದು. ಬೈಕು ನೆಟ್ಟಗೆ ಹೋಗಬೇಕಾದರೆ ಹ್ಯಾಂಡಲ್ ಸಣ್ಣಸಣ್ಣದಾಗಿ ತಾನೇ ತಿರುಗಿ ತಿದ್ದಿಕೊಳ್ಳುತ್ತಿರಬೇಕು. ಅದು ನಿಂತರೆ ಗಾಡಿ ಅಲೆಯುತ್ತದೆ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿದೆ. ಎಲ್ಲೂ ಕಚ್ಚುವುದಿಲ್ಲ, ಆದರೆ ಇಡೀ ಹ್ಯಾಂಡಲ್ ಭಾರ. ಅಡ್ಜಸ್ಟ್ ಮಾಡುವ ಕ್ರಮ ಹೇಳುತ್ತೀರಾ?

ಉತ್ತರ:
ಹಾಗಾದರೆ ಬೇಗ ಮಾಡಿಬಿಡಿ. ಹೀಗೇ ಓಡಿಸಿದರೆ ಒಳ್ಳೆಯ ರೇಸ್ ಕೂಡ ಕೆಡುತ್ತದೆ.

ಮೊದಲು ಮೇಲಿನ ಪ್ಲೇಟಿನ ನಡುವಿನ ದೊಡ್ಡ ನಟ್ಟು ಸಡಿಲಿಸಿ. ಇಲ್ಲಿ ಬಹಳ ಜನ ಒಂದು ಕೆಲಸ ಬಿಡುತ್ತಾರೆ. ಫೋರ್ಕ್ ಪೈಪುಗಳು (ಮುಂದಿನ ಚಕ್ರದ ಎರಡು ಕಾಲುಗಳು) ಮೇಲಿನ ಪ್ಲೇಟನ್ನೂ ಕೆಳಗಿನ ಟಿ ಯನ್ನೂ (ಪೈಪುಗಳನ್ನು ಕೆಳಗೆ ಹಿಡಿಯುವ, ನಡುವೆ ದಂಡವಿರುವ ಭಾಗ) ಸೇರಿಸಿ ಹಿಡಿದಿರುತ್ತವೆ. ಆ ಹಿಡಿತ ಬಿಗಿಯಾಗಿದ್ದರೆ ಅಡ್ಜಸ್ಟಿಂಗ್ ನಟ್ಟು (ಪ್ಲೇಟಿನ ಕೆಳಗಿರುವ ಕಚ್ಚಿನ ನಟ್ಟು) ತಿರುಗಿಸಿದರೂ ಬೇರಿಂಗ್ ಮೇಲಿನ ಒತ್ತಡ ಸರಿಯಾಗಿ ಬದಲಾಗುವುದಿಲ್ಲ. ಮೇಲಿನ ಪ್ಲೇಟಿನಲ್ಲಿ ಪೈಪು ಹಿಡಿಯುವ ಅಡ್ಡ ಬೋಲ್ಟ್ ಇದ್ದರೆ ಅದನ್ನು ಸಡಿಲಿಸಿ. ಪೈಪಿನ ತಲೆಯ ಬೋಲ್ಟೇ ಪ್ಲೇಟನ್ನು ಹಿಡಿದಿದ್ದರೆ ಕೆಳಗಿನ ಟಿ ಯ ಅಡ್ಡ ಬೋಲ್ಟುಗಳನ್ನು ಸಡಿಲಿಸಿ.

ಈಗ ಅಡ್ಜಸ್ಟಿಂಗ್ ನಟ್ಟನ್ನು ಪೂರ್ತಿ ಸಡಿಲಿಸಬೇಡಿ. ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಬಿಡಿ ಗುಂಡುಗಳಿರುತ್ತವೆ, ಟಿ ಕೆಳಗೆ ಜಾರಿದರೆ ಉದುರುತ್ತವೆ. ಕಾಲು ಸುತ್ತಿನಷ್ಟು ಬಿಡಿ, ಹ್ಯಾಂಡಲ್ ಅತ್ತಿತ್ತ ತಿರುಗಿಸಿ. ಚಕ್ರದ ಹತ್ತಿರ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಸಿಕ್ಕಿದರೆ, ಅದು ಹೋಗುವಷ್ಟು ಮಾತ್ರ ಮತ್ತೆ ಬಿಗಿಯಿರಿ.

ನಡುವಿನ ನಟ್ಟನ್ನು ಪೂರ್ತಿ ಬಿಗಿದು, ಆಮೇಲೆ ಪೈಪಿನ ಬೋಲ್ಟುಗಳನ್ನು ಬಿಗಿದು, ಎರಡೂ ಪರೀಕ್ಷೆ ಮತ್ತೆ ಮಾಡಿ. ನಡುವಿನ ನಟ್ಟು ಬಿಗಿದಾಗ ಪ್ಲೇಟು ಕೆಳಕ್ಕೆ ಒತ್ತಿ, ಅಡ್ಜಸ್ಟಿಂಗ್ ನಟ್ಟಿನ ಥ್ರೆಡ್‌ನಲ್ಲಿದ್ದ ಸಡಿಲವೂ ಹೋಗುತ್ತದೆ. ಅಷ್ಟರಲ್ಲೇ ಹ್ಯಾಂಡಲ್ ಭಾರ ಆಗಿಬಿಡಬಹುದು. ಆದ್ದರಿಂದ ಕೊನೆಯ ಪರೀಕ್ಷೆಯೇ ಮುಖ್ಯ. ಭಾರ ಅನ್ನಿಸಿದರೆ ಮತ್ತೆ ಬಿಚ್ಚಿ ಸ್ವಲ್ಪ ಸಡಿಲಿಸಿ. ಬೇಸರ ಪಡಬೇಡಿ, ಈ ಕೆಲಸವೇ ಹಾಗೆ. ನಡುವಿನಿಂದ ಮೆಲ್ಲಗೆ ತಳ್ಳಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಎರಡೂ ಕಡೆ ಸಮನಾಗಿ ಹೋಗಿ ಬೀಳಬೇಕು, ಫೋರ್ಕಿನಲ್ಲಿ ಆಟ ಇರಬಾರದು. ಒಂದೇ ಕಡೆ ತಡೆದರೆ ಕ್ಲಚ್ ಕೇಬಲ್, ಮೀಟರ್ ಕೇಬಲ್, ವೈರಿಂಗ್ ಎಳೆಯುತ್ತಿದೆಯಾ ನೋಡಿ.

ಇನ್ನೊಬ್ಬರು:
ನನ್ನ ಗಾಡಿಯಲ್ಲೂ ಬ್ರೇಕ್ ಹಿಡಿದರೆ ಟಕ್ ಅನ್ನುತ್ತದೆ, ಆದರೆ ಕೋನ್ ಸೆಟ್ ಹೊಸದು. ಸುಮ್ನೆ ಮತ್ತೆ ಬಿಗಿ ಮಾಡಿಸಲಾ?

ಉತ್ತರ:
ಬೇಡ. ಚಕ್ರ ನೆಲದ ಮೇಲಿರಲಿ, ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಜಗ್ಗಿ. ಇನ್ನೊಬ್ಬರು ಫ್ರೇಮಿನ ಕತ್ತು ಮತ್ತು ಟಿ ಸೇರುವ ಸಂದಿಗೆ ಬೆರಳು ಇಟ್ಟಿರಲಿ. ಅಲ್ಲಿ ಅಲುಗಿದರೆ ಕೋನ್ ಸೆಟ್. ಅಲ್ಲಿ ಗಟ್ಟಿಯಾಗಿದ್ದು ಫೋರ್ಕ್ ಪೈಪು ಹೊರಗಿನ ಕೊಳವೆಯೊಳಗೆ ಅಲುಗಿದರೆ ಫೋರ್ಕ್ ಸವೆದಿದೆ. ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಆಟ ಬಂದರೆ ವೀಲ್ ಬೇರಿಂಗ್. ಮಡ್‌ಗಾರ್ಡ್ ಬೋಲ್ಟ್ ಸಡಿಲವಾದರೂ ಇದೇ ಥರ ಸದ್ದು ಬರುತ್ತದೆ, ಅದನ್ನು ಮೊದಲೇ ನೋಡಿಬಿಡಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಕಾಲು ಸುತ್ತಿಗಿಂತ ಕಡಿಮೆಯೇ ಬಿಡಬೇಕಾಯಿತು. ಹ್ಯಾಂಡಲ್ ಈಗ ತಾನಾಗಿ ಬೀಳುತ್ತದೆ, ಟಕ್ ಸದ್ದೂ ಇಲ್ಲ, ಗಾಡಿ ನೆಟ್ಟಗೆ ಹೋಗುತ್ತಿದೆ. ತುಂಬಾ ಧನ್ಯವಾದ. ಮುಂದೆ ಬದಲಾಯಿಸುವಾಗ ಟೇಪರ್ ರೋಲರ್ ಬೇರಿಂಗ್ (ಗುಂಡಿನ ಬದಲು ಉರುಳೆಗಳಿರುವುದು) ಹಾಕಬಹುದಾ?

ಉತ್ತರ:
ಹಾಕಬಹುದು. ಗುಂಡು ಒಂದು ಬಿಂದುವಿನಲ್ಲಿ ತಾಗಿದರೆ ರೋಲರ್ ಒಂದು ಗೆರೆಯ ಉದ್ದಕ್ಕೂ ತಾಗುತ್ತದೆ. ಆದ್ದರಿಂದ ಹಾಳು ರಸ್ತೆಯ ಏಟು ಚೆನ್ನಾಗಿ ತಡೆಯುತ್ತದೆ. ನಿಮ್ಮ ಮಾಡೆಲ್‌ಗೇ ಮಾಡಿದ್ದನ್ನು ತಗೊಳ್ಳಿ, ಎತ್ತರ ಬೇರೆಯಾದರೆ ಮೇಲಿನ ಪ್ಲೇಟು ಸರಿಯಾಗಿ ಕೂರುವುದಿಲ್ಲ. ಗುಂಡಿನ ಸೆಟ್ಟೇ ಹಾಕಿದರೆ ಗುಂಡು, ರೇಸ್ ಎಲ್ಲಾ ಒಟ್ಟಿಗೆ ಬದಲಾಯಿಸಿ, ಹಳೆಯ ರೇಸಿಗೆ ಹೊಸ ಗುಂಡು ಬೇಡ. ಮೇಲೆ ಎಷ್ಟು ಗುಂಡು, ಕೆಳಗೆ ಎಷ್ಟು ಅಂತ ಬಿಚ್ಚುವಾಗಲೇ ಎಣಿಸಿಡಿ. ಎಪಿ 3 ಗ್ರೀಸ್ ಧಾರಾಳವಾಗಿ ತುಂಬಿ. ವಾಟರ್ ಸರ್ವಿಸ್ ಮಾಡಿಸುವಾಗ ಜೋರು ನೀರನ್ನು ಹ್ಯಾಂಡಲ್ ಬುಡಕ್ಕೆ ಹಿಡಿಯಬೇಡಿ ಅಂತ ಹೇಳಿ. ಹೊಸ ಸೆಟ್ ಕೂತ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಆಟ ಇದೆಯಾ ಅಂತ ಮತ್ತೊಮ್ಮೆ ನೋಡಿ.